ಮದುವೆಯಿಲ್ಲದ ಮನೆಯ ಮದುವೆ ಗೋಡೆ

ಚೆನ್ನಾಜಮ್ಮ, ನಿನ್ನ ಮದುವೆ ಒಂದು ಸಲ ಮುರಿದಿತ್ತು ಎಂಬ ಸುಳ್ಳು ನನ್ನ ಬಾಯಿಂದ ಹೊರಟದ್ದು. ನಿಮ್ಮ ಬೀದಿಯವರ ಮೇಲೆ, ದಾಯಾದಿಗಳ ಮೇಲೆ, ನೀರಿಗೆ ಬರುತ್ತಿದ್ದ ಹೆಂಗಸರ ಮೇಲೆ — ಇಷ್ಟು ವರ್ಷ ನೀನು ಯಾರ ಯಾರ ಮೇಲೋ ಅನುಮಾನಪಟ್ಟಿದ್ದೀಯೆ. ನನ್ನೊಬ್ಬನನ್ನು ಬಿಟ್ಟು. ಅದನ್ನು ನಿನ್ನ ಬಾಯಲ್ಲೇ ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ನಿನಗೆ ಓದು ಬಾರದು. ಇದನ್ನು ಕಳಿಸಿದರೆ ಇನ್ಯಾರೋ ಓದಿ ಹೇಳಬೇಕು, ಅದು ಮತ್ತೊಂದು ಫಜೀತಿ. ಆದ್ದರಿಂದ ನಾನೇ ಬಂದು ಹೇಳುತ್ತೇನೆ. ಈಗ ಬರೆಯುತ್ತಿರುವುದು ನನ್ನ ನಾಲಗೆಯ ಮೇಲೆ ನನಗೇ ನಂಬಿಕೆ ಇಲ್ಲದ್ದಕ್ಕೆ. ಎದುರಿಗೆ ನಿಂತರೆ ಜಾರಿಕೊಳ್ಳುವ ನಾಲಗೆ ಅದು. ಒಮ್ಮೆ ಜಾರಿಕೊಂಡಿದೆ. ಇಲ್ಲ, ಒಮ್ಮೆ ಅಲ್ಲ —

ಮೊದಲಿಂದ ಹೇಳುತ್ತೇನೆ.

ಮಂಡ್ಯ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ನಾನು ಯಲಿಯೂರಿನ ಗೌಡರ ಮನೆಯ ಕಿರಿಮಗ. ನಾಲ್ಕಕ್ಷರ ಕಲಿತಿದ್ದೆನೆಂದು ಗದ್ದೆ ಕೆಲಸ ತಪ್ಪಿಸಿಕೊಂಡು ಕರೆಂಟಿನ ಇಲಾಖೆ ಸೇರಿದ್ದೆ. ಮನೆಮನೆಗೆ ನಡೆದು ಮೀಟರು ನೋಡಿಕೊಂಡು ಬರುವ ಕೆಲಸ. ಮಂಡ್ಯದಲ್ಲಿ ಒಂದು ಬಾಡಿಗೆ ಕೋಣೆ, ಕೈಯಲ್ಲೊಂದು ಕೊಡೆ, ಕಾಲಿಗೆ ಎಕ್ಕಡ. ತಿಂಗಳಿಗೊಮ್ಮೆ ಮದ್ದೂರಿಗೂ ಮಳವಳ್ಳಿಗೂ ಹೋಗಬೇಕಿತ್ತು. ಶಿವನಸಮುದ್ರದ ಕರೆಂಟು ಎಲ್ಲೆಲ್ಲಿಗೋ ಹೋಗಿ ಉರಿದು, ಕೊನೆಗೆ ನೆನಪಾದ ಹಾಗೆ ಪಕ್ಕದ ಮಳವಳ್ಳಿಗೆ ಬಂತೆಂದು ಅಲ್ಲಿಯ ಜನ ನಗುತ್ತಿದ್ದರು. ದೀಪದ ಬುಡ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ಕೆಲಸ ಮೀಟರಿನದ್ದು, ಕಣ್ಣು ಮಾತ್ರ ಬೀದಿಯದ್ದು. ಅದೊಂದು ಹುಚ್ಚು ನನಗೆ. ಮಂಡ್ಯದ ಪೇಟೆ ಬೀದಿಯಲ್ಲಿ ಕ್ಷೌರದ ಅಂಗಡಿಯ ತಗಡಿನ ಮೇಲೆ ಬರೆದಿದ್ದ ಮೀಸೆಯವನು, ಕಾಫಿ ಹೋಟೆಲಿನ ಬೋರ್ಡಿನ ಲೋಟದಿಂದ ಹಾವಿನ ಹಾಗೆ ಏಳುತ್ತಿದ್ದ ಹಬೆ, ಕಬ್ಬಿನ ಗಾಡಿಯ ಎತ್ತುಗಳ ಕೊಂಬಿಗೆ ಬಳಿದ ಕೆಂಪು ನೀಲಿ, ಹಿತ್ತಿಲ ಗೋಡೆಗೆ ಬೆರಣಿ ತಟ್ಟಿದ ಕೈಗಳ ಗುರುತು. ಅತ್ತೆ ತಟ್ಟಿದ್ದು ಯಾವುದು ಸೊಸೆ ತಟ್ಟಿದ್ದು ಯಾವುದು ಎಂದು ಬೆರಳಚ್ಚು ನೋಡಿ ಹೇಳಿಬಿಡುತ್ತಿದ್ದೆ. ಬೆಳಗಿನ ಹೊತ್ತು ಬೀದಿಗಿಳಿದರೆ ಹೆಂಗಸರು ನೀರು ಚೆಲ್ಲಿ ರಂಗೋಲಿ ಬಿಡುತ್ತಿರುತ್ತಿದ್ದರು. ಅದನ್ನು ತುಳಿಯಬಾರದೆಂದು ಕುಪ್ಪಳಿಸಿಕೊಂಡು ನಡೆಯುತ್ತಿದ್ದೆ. ಜೊತೆಯವರಿಗೆ ಅದೇ ತಮಾಷೆ.

"ನೋಡ್ರಲಾ, ಸಿದ್ದ ಕರೆಂಟು ಒಡೆಸ್ಕಂಡೋನಂಗೆ ನೆಗೀತಾವ್ನೆ!"

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಮದುವೆ ಗೋಡೆ. ನಮ್ಮ ಕಡೆ ಮದುವೆ ನಿಶ್ಚಯವಾದ ಮನೆಗೆ ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟೆ ಎಳೆದು, ಬಾಗಿಲಿನ ಎರಡೂ ಕಡೆ ಚಿತ್ರ ಬರೆಸುತ್ತಾರಲ್ಲ — ಗೊನೆ ಬಿಟ್ಟ ಬಾಳೆಗಿಡ, ಗಿಳಿ, ಆನೆ, ಬಂದೂಕು ಹಿಡಿದ ಸಿಪಾಯಿ, ನಡುವೆ ಬಾಸಿಂಗ ಕಟ್ಟಿದ ಹೆಣ್ಣು ಗಂಡು. ಮದುವೆ ಮುಗಿದು ಚಪ್ಪರ ಬಿಚ್ಚಿದರೂ ಗೋಡೆ ಹಾಗೇ ಇರುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ. ಮಳೆಗೆ ಬಿಸಿಲಿಗೆ ತಾನಾಗಿ ಮಾಸಬೇಕು, ಅದೇ ಶುಭ. ಕೈಯಾರೆ ಒರೆಸುವುದು ಒಂದೇ ಸಂದರ್ಭದಲ್ಲಿ — ಗೋಡೆ ಬರೆಸಿ ಆದಮೇಲೆ ಮದುವೆ ನಿಂತುಹೋದರೆ. ಅಂಥ ಮನೆಯ ಮುಂದೆ ಹಾದುಹೋಗುವವರು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಆ ಮನೆಯ ಹೆಣ್ಣಿಗೆ ಮತ್ತೆ ಗಂಡು ಸಿಗುವುದು ಕಷ್ಟವಿತ್ತು. ಇದು ನಮ್ಮ ಸೀಮೆಯ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಇದನ್ನು ನೆನಪಿಟ್ಟುಕೋ.

ಮಳವಳ್ಳಿಯಲ್ಲಿ ನಿಮ್ಮ ಮನೆಗೆ ಮೊದಲು ಬಂದಾಗ ಗೋಡೆ ನೋಡಿ, ಇಲ್ಲಿ ಮದುವೆ ನಡೆದಿದೆ ಅಂದುಕೊಂಡೆ. ಬಾಳೆಗಿಡ ಇತ್ತು, ಗಿಳಿ ಇತ್ತು, ಪಟ್ಟೆ ಇತ್ತು. ಆದರೆ ಹೆಣ್ಣು ಗಂಡು ಇರಬೇಕಾದ ಜಾಗದಲ್ಲಿ ಮಜ್ಜಿಗೆ ಮಾರುವ ಮುದುಕಿಯೊಬ್ಬಳು ಕುಕ್ಕರುಗಾಲಲ್ಲಿ ಕೂತಿದ್ದಳು. ನಾನು ಬಾಯಿ ತೆರೆದುಕೊಂಡು ನೋಡುತ್ತಿರುವಾಗ ಅದೇ ಮುದುಕಿ ಮಡಕೆ ಹೊತ್ತು ಬೀದಿಯಲ್ಲಿ ಬಂದಳು. ಗೋಡೆಯ ಕಡೆ ನೋಡಿ, "ನನ್ನ ಮೂಗು ಅಷ್ಟುದ್ದ ಇಲ್ಲ ಕಣೆ ಚೆನ್ನಾಜಿ" ಎಂದು ಒಳಕ್ಕೆ ಕೂಗಿ ಮುಂದಕ್ಕೆ ಹೋದಳು. ಒಳಗಿಂದ ನಗು ಕೇಳಿತು. ಅದು ನಿನ್ನ ನಗು.

ತಾಯಿಯಿಲ್ಲದ ಒಬ್ಬಳೇ ಮಗಳು ನೀನು. ನಿಮ್ಮಪ್ಪ ಬೋರೇಗೌಡರು ಆಲೆಮನೆ ಇಟ್ಟುಕೊಂಡು ಅನುಕೂಲವಾಗಿದ್ದವರು. ನಿನ್ನ ಯಾವ ಆಟಕ್ಕೂ ಬೇಡ ಅಂದವರಲ್ಲ. ಮದುವೆ ಮನೆಗಳಲ್ಲಿ ಚಿತ್ರ ಬರೆಯುವವರ ಹಿಂದೆ ನಿಂತು ನೀನು ಕೈ ಕಲಿತದ್ದು. ಕೆಮ್ಮಣ್ಣು, ಸುಣ್ಣ, ಇದ್ದಿಲ ಪುಡಿ, ಅರಿಶಿನ, ಹಸಿರಿಗೆ ಅವರೆ ಎಲೆಯ ರಸ. ಈಚಲು ಕಡ್ಡಿಯ ತುದಿ ಜಜ್ಜಿಕೊಂಡರೆ ಅದೇ ಕುಂಚ. ಅವರು ಕಲಿಸಿದ್ದರಿಂದ ನಿನಗೆ ಚಿತ್ರವೆಂದರೆ ಬಾಳೆಗಿಡ, ಗಿಳಿ, ಪಟ್ಟೆ ಇರಲೇಬೇಕು. ಆದರೆ ನಡುವಿನ ಜಾಗ ನಿನ್ನದು. ಆ ತಿಂಗಳು ಬೀದಿಯಲ್ಲಿ ಏನು ಕಂಡೆಯೋ ಅದು ಅಲ್ಲಿ ಬರುತ್ತಿತ್ತು. ಮುಂದಿನ ತಿಂಗಳಿಗೆ ಹಸಿ ಬಟ್ಟೆಯಲ್ಲಿ ಉಜ್ಜಿ ಒರೆಸಿ, ಹೊಸದಾಗಿ ಸಾರಿಸಿ ಬೇರೆಯದು.

ನಿಮ್ಮಜ್ಜಿ ಮಾತ್ರ ಗೊಣಗುತ್ತಿದ್ದರು. "ಮದ್ವೆಗೆ ಮುಂಚೇನೆ ಮದ್ವೆ ಗ್ವಾಡೆ ಬರೀಬಾರ್ದು ಕಣೆ, ಬರೆದು ಒರೆಸ್ಲೂಬಾರ್ದು. ಕಂಡೋರು ಏನಂದಾರು?"

"ಕಂಡೋರು ಚೆಂದಾಗದೆ ಅಂದಾರು ಕಣಜ್ಜಿ," ಅಂದಿದ್ದೆ ನೀನು. ನಾನು ಮೀಟರಿನ ಕೆಳಗೆ ನಿಂತು ಕೇಳಿಸಿಕೊಂಡೆ.

ಒಂದು ತಿಂಗಳು ನೀನು ಇದ್ದಿಲು ಸುಟ್ಟು ಓಡಿಸುವ ಬಸ್ಸು ಬರೆದಿದ್ದೆ — ಯುದ್ಧದ ಕಾಲ, ಪೆಟ್ರೋಲಿಗೆ ಬರ. ಹಿಂದೆ ಹಂಡೆ ಕಟ್ಟಿಕೊಂಡ ಬಸ್ಸನ್ನು ಪ್ರಯಾಣಿಕರೇ ದಬ್ಬುತ್ತಿದ್ದರು, ಒಬ್ಬನ ಪಂಚೆ ಬಿಚ್ಚಿಹೋಗಿತ್ತು. ಇಡೀ ಬೀದಿ ನಕ್ಕಿತ್ತು. ನಾನು ಮದ್ದೂರಿನಲ್ಲಿ ಬಸ್ಸು ಕಾಯುತ್ತಾ ನಿಂತಾಗಲೂ ಅದನ್ನು ನೆನೆದು ಒಬ್ಬನೇ ನಗುತ್ತಿದ್ದೆ, ಪಕ್ಕದವರು ದೂರ ಸರಿದು ನಿಲ್ಲುತ್ತಿದ್ದರು. ಇನ್ನೊಂದು ತಿಂಗಳು ಬಂದರೆ ಬಾಳೆಗಿಡಗಳ ನಡುವೆ — ನಾನು! ಕಂಕುಳಲ್ಲಿ ಕೊಡೆ, ಕತ್ತು ಮೇಲಕ್ಕೆತ್ತಿ, ಬಾಯಿ ತೆರೆದುಕೊಂಡು ಮೀಟರು ನೋಡುತ್ತಿರುವ ನಾನು. ಮೀಟರಿನ ಮೇಲೊಂದು ಕಾಗೆ ಕೂತು ನನ್ನ ಬಾಯೊಳಕ್ಕೆ ಇಣುಕುತ್ತಿತ್ತು.

ನೀನು ಬಾಗಿಲ ಹಿಂದೆ ನಿಂತು, "ಕ್ವಾಪ ಬಂತಾ ಸಿದ್ದಣ್ಣ?" ಅಂದೆ.

ಕೋಪ! ಆ ದಿನ ನನಗೆ ನೆಲ ಕಾಣಲಿಲ್ಲ. ಅಷ್ಟು ವರ್ಷ ನಾನು ಬೀದಿಯನ್ನು ನೋಡಿದ್ದೆ. ಬೀದಿಯಲ್ಲಿ ಯಾರೋ ನನ್ನನ್ನು ನೋಡಿದ್ದು ಅದೇ ಮೊದಲು. ಮಂಡ್ಯಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತವನು ಊರು ಬಂದರೂ ಇಳಿಯಲಿಲ್ಲ, ಕಂಡಕ್ಟರು ಬೈದು ಇಳಿಸಿದ. ಮುಂದಿನ ತಿಂಗಳು ಎಂದು ಬರುತ್ತದೆಂದು ಕಾದೆ. ಓಡೋಡಿ ಬಂದು ನೋಡಿದರೆ ನೀನು ನನ್ನನ್ನು ಒರೆಸಿ ಎಮ್ಮೆ ಬರೆದಿದ್ದೆ.

ಈಗ ಬರೆಯುವಾಗ ನಗು ಬರುತ್ತದೆ. ಆಗ ಬರಲಿಲ್ಲ. ನನಗೆ ನಿಜವಾಗಿ ನೋವಾಯಿತು, ಚೆನ್ನಾಜಮ್ಮ. ಅದು ನಿನ್ನ ಪದ್ಧತಿ, ಎಲ್ಲರನ್ನೂ ಒರೆಸುವವಳು ನೀನು — ಗೊತ್ತು. ಆದರೂ ನನ್ನನ್ನು ಇನ್ನೊಂದು ತಿಂಗಳು ಇಟ್ಟುಕೊಳ್ಳಬಹುದಿತ್ತು ಅನಿಸಿತು. ಎಂಥ ಹೊತ್ತಿನಲ್ಲಿ ಎಂಥ ಆಸೆ ನೋಡು. ಆಸೆ ಎಂದು ಆಗ ಹೆಸರಿಡಲಿಲ್ಲ. ಮನೆಯಲ್ಲಿ ಅಣ್ಣನಿಗೇ ಇನ್ನೂ ಮದುವೆಯಾಗಿರಲಿಲ್ಲ. ಹಿರಿಯನಿರುವಾಗ ಕಿರಿಯ ಬಾಯಿ ಬಿಡುವಂತಿರಲಿಲ್ಲ.

ಆ ಅವರೆಕಾಯಿ ಕಾಲದಲ್ಲಿ ಊರಿಗೆ ಹೋಗಿದ್ದೆ. ಅವ್ವ ಜಗಲಿಯ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದಳು. ಅಣ್ಣ ಮರಿಗೌಡ ಅಂಗಳದಲ್ಲಿ ಎತ್ತು ತೊಳೆಯುತ್ತಿದ್ದ. ನನ್ನ ಅಣ್ಣನನ್ನು ನೀನು ನೋಡಿಲ್ಲ. ಆಳೆತ್ತರದ ಆಳು, ಮಾತು ಕಮ್ಮಿ, ಆಡಿದರೆ ಕೊಡಲಿಯಲ್ಲಿ ಕಡಿದ ಹಾಗೆ. ಬಾಗಿಲ ಮುಂದಿನ ರಂಗೋಲಿಯ ಮೇಲೇ ಕೆಸರುಗಾಲಿಟ್ಟು ಒಳಗೆ ಬರುವವನು. ಅವನಿಗೆ ಎತ್ತು, ಗದ್ದೆ, ನಾಲೆಯ ನೀರಿನ ಸರದಿ — ಇಷ್ಟೇ ಲೋಕ ಎಂದು ನಾನು ಎಣಿಸಿದ್ದೆ.

ಅವ್ವ ಹೇಳಿದಳು, "ನಿಮ್ಮ ಸ್ವಾದರಮಾವ ಮರಿಗೆ ಮಳವಳ್ಳೀಲಿ ಒಂದೆಣ್ಣು ನೋಡವ್ನೆ. ಬೋರೇಗೌಡ ಅಂತ, ಆಲೆಮನೆ ಮಡಗವ್ರಂತೆ. ಒಬ್ಳೇ ಮಗಳು. ಇನ್ನೂ ಯಾರ ಕಡೆ ಗಂಡು ಅಂತ ಬಾಯ್ಬುಟ್ಟಿಲ್ಲ, ಯಲಿಯೂರ ಕಡೇದು ಅಂತ ಮಾತ್ರ ಅಂದವ್ನಂತೆ. ನೀನು ಅಲ್ಲೆಲ್ಲಾ ತಿರುಗೋನು. ಆ ಮನೆ ಎಂಗಪ್ಪ?"

ನೀನು ನಮ್ಮ ಮನೆಗೆ ಬರುತ್ತೀಯೆ. ಅಣ್ಣನ ಹೆಂಡತಿಯಾಗಿ. ಅತ್ತಿಗೆ ಎಂದು ಕರೆಯಬೇಕು. ನೀನು ಬರೆದ ಗೋಡೆಯನ್ನು ಅವನು ಒಂದು ದಿನವೂ ತಲೆಯೆತ್ತಿ ನೋಡುವುದಿಲ್ಲ, ನಾನು ದಿನಾ ನೋಡಬೇಕು. ಇಷ್ಟೂ ಒಂದೇ ಉಸಿರಿನಲ್ಲಿ ಬಂದು ಹೋಯಿತು. ಆಮೇಲೆ ಬಾಯಿ ತಾನೇ ತೆರೆಯಿತು.

"ಮನೆಯೇನೋ ಚೆಂದಾಗದೆ ಕಣವ್ವ. ಆದ್ರೆ... ಗ್ವಾಡೆ ಮ್ಯಾಲೆ ಮದ್ವೆ ಚಿತ್ರ ಇತ್ತು. ಈಗಿಲ್ಲ. ಒರೆಸವ್ರೆ."

ಅವ್ವನ ಕೈ ನಿಂತಿತು. "ಕೈಯಾರೆ?"

"ಊಂ. ನಾನೇ ಕಣ್ಣಾರ ಕಂಡಿವ್ನಿ."

ನೋಡು, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಚಿತ್ರ ಇತ್ತು. ನೀನು ಒರೆಸಿದ್ದೆ. ನಾನು ಕಣ್ಣಾರ ಕಂಡಿದ್ದೆ. ಆ ನಿಜದ ತುಂಡುಗಳನ್ನು ಜೋಡಿಸಿ ಎಂಥ ಸುಳ್ಳು ಹೇಳಬಹುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಬಾಯಿ ತಪ್ಪಿ ಬಂತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ — ಬಾಯಿ ತಪ್ಪುವುದು ಹಾಗಲ್ಲ. ತಪ್ಪಿದ ಬಾಯಿ ಮರುಕ್ಷಣ ತಿದ್ದಿಕೊಳ್ಳುತ್ತದೆ. ಮಾವ ಒಂದು ವಾರದ ಮೇಲೆ ಕೋಣೆಗೇ ಬಂದು, "ನಿಜವೇನ್ಲಾ ಸಿದ್ದ? ನೀ ಎಂಗೆ ಯೋಳ್ತೀಯೋ ಅಂಗೆ," ಅಂದಾಗಲೂ ನಾನು ತಿದ್ದಿಕೊಳ್ಳಲಿಲ್ಲ. "ಕಂಡದ್ದು ಯೋಳ್ದೆ ಮಾವ," ಅಂದೆ. ಮನೆಮನೆ ತಿರುಗುವ ಕರೆಂಟಿನವನ ಮಾತು, ಅದರಲ್ಲೂ ಕಂಡದ್ದು ಹೇಳಿದೆ ಎನ್ನುವವನ ಮಾತು — ಯಾರು ಅನುಮಾನಪಡುತ್ತಾರೆ?

ಮಾವ ನಿಮ್ಮ ಕಡೆಯವರೊಬ್ಬರಿಗೆ ಕಾರಣ ಹೇಳಿ ಸಂಬಂಧ ಬಿಟ್ಟ. ಅವರು ಇನ್ನೊಬ್ಬರಿಗೆ ಹೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಮ್ಮ ಬೀದಿಯವರಿಗೆ ನಿಜ ಗೊತ್ತಿತ್ತು, ಆದರೆ ಮದ್ದೂರಿನವರು ಮಂಡ್ಯದವರು ನಿಮ್ಮ ಬೀದಿಯವರನ್ನು ಕೇಳಲು ಬರುತ್ತಾರೆಯೇ? ಮದುವೆಯೇ ನಿಶ್ಚಯವಾಗದೆ ಯಾರಾದರೂ ಮದುವೆ ಗೋಡೆ ಬರೆಯುತ್ತಾರೆಯೇ ಎಂದರಂತೆ. ಹುಡುಗಿಯೇ ಆಟಕ್ಕೆ ಬರೆದದ್ದು ಎಂದು ನಿಮ್ಮಪ್ಪ ಹೇಳಿದಷ್ಟೂ ಮುಚ್ಚಿಡಲು ಹೇಳುತ್ತಾನೆ ಅಂದುಕೊಂಡರು. ಆಮೇಲೆ ಬಂದ ಎರಡು ಕಡೆಯವರೂ ಅದನ್ನೇ ಹೇಳಿ ಹಿಂದೆ ಸರಿದರು.

ಮುಂದಿನ ತಿಂಗಳು ನಾನು ಮಳವಳ್ಳಿಗೆ ಬಂದೆ. ಬರದೆ ಇರಲು ಆಗಲಿಲ್ಲ, ಕೆಲಸ. ನಿಮ್ಮ ಗೋಡೆಗೆ ತುದಿಯಿಂದ ತುದಿಗೆ ಬರೀ ಸುಣ್ಣ ಬಳಿದಿತ್ತು. ಒಳಗಿಂದ ನಗು ಇಲ್ಲ, ಸದ್ದಿಲ್ಲ. ನಿಮ್ಮಪ್ಪ ಜಗಲಿಯ ಮೇಲೆ ಕೂತು, "ನೋಡ್ಕಂಡೋಗಪ್ಪ," ಎಂದರು ಅಷ್ಟೆ. ಗಂಡು ನನ್ನ ಅಣ್ಣನಾಗಿದ್ದ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಿಮಗೆಲ್ಲ ನಾನು ಮಂಡ್ಯದ ಕರೆಂಟು ಸಿದ್ದಪ್ಪ. ನಿಮ್ಮಜ್ಜಿ ನೀರು ತಂದುಕೊಟ್ಟರು. ಆ ನೀರು ಕುಡಿದೆ, ನೋಡು. ಕುಡಿದೆ.

ಅಣ್ಣನಿಗೆ ಪಾಂಡವಪುರದ ಕಡೆಯ ಹೆಣ್ಣು ತಂದರು. ಮದುವೆಯಾಯಿತು. ಆಗ ಅವ್ವ ನನ್ನ ಕಡೆ ತಿರುಗಿದಳು. "ನಿಂದೊಂದು ಆಗೋಗ್ಲಿ ಕಣಪ್ಪ. ಮನಸ್ಸಿಗೆ ಯಾರಾರ ಬಂದಿದ್ರೆ ಯೋಳು."

ನಾನು ನಿನ್ನ ಹೆಸರು ಹೇಳಿದೆ. ಹೌದು — ಹೇಳುವ ಧೈರ್ಯ ಮಾಡಿದೆ. ಅವ್ವ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು.

"ಏನ್ಲಾ ಇದು? ಒರೆಸಿದ ಗ್ವಾಡೆ ಅಂತ ನೀನೇ ಯೋಳಿ ಬುಡ್ಸಿದ ಮನೆ! ಅಣ್ಣನಿಗೆ ಬ್ಯಾಡ ಅಂದಿದ್ದು ತಮ್ಮನಿಗೆ ಎಂಗಾದಾತು?" ಆಮೇಲೆ ದನಿ ಇಳಿಸಿ, ನನ್ನ ಮುಖ ಹಿಡಿದು ಹೇಳಿದಳು. "ಏನಾರ ನೀ ಕಂಡದ್ದರಲ್ಲಿ ತಪ್ಪಾಗಿದ್ರೆ ಈಗ್ಲೇ ಯೋಳ್ಬುಡು ಮಗ. ಆ ಎಣ್ಮಗಳಲ್ಲಿ ದೋಸ ಇಲ್ಲಾಂದ್ರೆ ನಾಳೀಕೇ ನಾನೇ ಓಗಿ ಕೇಳ್ತೀನಿ."

ಬಾಗಿಲು ತೆರೆದೇ ಇತ್ತು, ಚೆನ್ನಾಜಮ್ಮ. ನನಗೂ ನಿನಗೂ. ಒಂದು ಮಾತು ಸಾಕಿತ್ತು. ಹೊಟ್ಟೆಕಿಚ್ಚಿಗೆ ಹಾಗೆ ಹೇಳಿದೆ ಕಣವ್ವ, ಅವಳು ಆಟಕ್ಕೆ ಬರೆದು ಒರೆಸುವವಳು — ಅಷ್ಟೆ. ಹೇಳಿದ್ದರೆ ಅವ್ವನ ಕೈಲಿ ಎರಡೇಟು, ಮಾವನ ಎದುರು ತಲೆತಗ್ಗಿಸುವುದು, ಅಣ್ಣನ ಹೆಣ್ಣನ್ನು ತಪ್ಪಿಸಿದ ತಮ್ಮ ಎಂದು ಊರಿನಲ್ಲಿ ನಾಲ್ಕು ದಿನ ಮಾತು. ಅದಕ್ಕೆ ಹೆದರಿದೆ. ಅಣ್ಣನಿಗೆ ಹೆದರಿದೆ. ಈ ಕಡೆ ನೀನು, ಆ ಕಡೆ ನನ್ನ ಮರ್ಯಾದೆ. ನಾನು —

"ತಪ್ಪೇನಿಲ್ಲ ಬುಡವ್ವ. ಬ್ಯಾರೆ ಕಡೆ ನೋಡು," ಅಂದೆ.

ಮೊದಲನೆಯದನ್ನು ಬೇಕಾದರೆ ಹೊಟ್ಟೆಕಿಚ್ಚು ಎನ್ನಬಹುದು. ಇದಕ್ಕೆ ಏನು ಹೆಸರಿಡಲಿ? ನಿನ್ನ ಮೇಲೆ ನನಗೆ ಪ್ರೀತಿಯಿತ್ತು ಎಂದು ಹೇಳುವ ಬಾಯಿ ನನಗಿಲ್ಲ. ಪ್ರೀತಿ ಇದ್ದವನು ಆ ಹೊತ್ತಿನಲ್ಲಿ ಹಾಗೆ ಹೇಳುವುದಿಲ್ಲ.

ನನಗೆ ಬೇರೆ ಹೆಣ್ಣು ತಂದರು. ಒಳ್ಳೆಯವಳು, ಅವಳದ್ದೇನೂ ತಪ್ಪಿಲ್ಲ. ಮೇಲಿನವರನ್ನು ಕಾಡಿ ಬೇಡಿ ಮಳವಳ್ಳಿಯ ಸರದಿ ಬಿಡಿಸಿಕೊಂಡೆ. ನಿನ್ನನ್ನು ಎಲ್ಲಿಗೋ ಎರಡನೆಯ ಸಂಬಂಧಕ್ಕೆ ಕೊಟ್ಟರು ಎಂದು ಯಾರೋ ಹೇಳಿದರು, ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಮಂಡ್ಯದ ಬೀದಿಗಳಲ್ಲಿ ನಡೆಯುತ್ತಲೇ ಇದ್ದೆ. ಕಣ್ಣು ಮೊದಲಿನ ಹಾಗೆ ಗೋಡೆ ಹುಡುಕುತ್ತಿತ್ತು, ಕಂಡ ಕೂಡಲೇ ಓಡಿಹೋಗುವ ಹಾಗಾಗುತ್ತಿತ್ತು. ಮದುವೆ ಗೋಡೆಯಿರುವ ಬೀದಿ ತಪ್ಪಿಸಿ ಸುತ್ತು ಬಳಸಿ ಹೋಗುತ್ತಿದ್ದೆ. ಕೆಲಸ ಮುಗಿದ ಮೇಲೂ ಮನೆಗೆ ಹೋಗಲಾಗದೆ ಕೆರೆಯಂಗಳದವರೆಗೆ ನಡೆದು, ಮತ್ತೆ ಪೇಟೆಗೆ ಬಂದು, ಮತ್ತೆ ನಡೆದು... ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀರಾ ಎಂದು ಹೆಂಡತಿ ಕೇಳುತ್ತಿದ್ದಳು.

ಇನ್ನು ಈ ವರ್ಷದ ಮಾತು. ಸ್ವಾತಂತ್ರ್ಯ ಬಂದ ತಿಂಗಳು. ಮದ್ದೂರಿನಲ್ಲಿ ಯಾವ ಗೋಡೆ ನೋಡಿದರೂ ಬಾವುಟ. ಬಣ್ಣ ಕೊಳ್ಳಲಾರದವರು ಸುಣ್ಣ, ಕೆಮ್ಮಣ್ಣು, ಸೊಪ್ಪಿನ ರಸದಲ್ಲೇ ಬರೆದಿದ್ದರು. ಒಂದೊಂದು ಬಾವುಟ ಒಂದೊಂದು ಕಡೆಗೆ ವಾಲಿತ್ತು, ಚಕ್ರ ಕೆಲವು ಕಡೆ ಗಾಡಿಯ ಗಾಲಿಯಾಗಿತ್ತು. ಬಹಳ ವರ್ಷದ ಮೇಲೆ ನನಗೆ ಬೀದಿ ನೋಡಿ ಸಂತೋಷವಾಯಿತು. ಹೊಸದಾಗಿ ಕರೆಂಟು ಹಾಕಿಸಿದ ಒಂದು ಮನೆ, ಅಕ್ಕಿ ಗಿರಣಿಯವರದ್ದು. ಆ ಬೀದಿಯಲ್ಲಿ ಆ ಮನೆಯ ಗೋಡೆ ಮಾತ್ರ ಬರಿದು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಒಳಗಿನವರನ್ನು ಕೇಳುತ್ತಿದ್ದಳು. "ನಮ್ ಗ್ವಾಡೆಗೊಂದು ಬಾವುಟ ಬರ್ಕೊಡಕ್ಕ. ಎಲ್ರೂ ಬರ್ಕಂಡವ್ರೆ."

"ನಂಗೆ ಬರಾಕಿಲ್ಲ ಕಣಮ್ಮ," ಎಂಬ ದನಿ ಬಂತು. ನಿನ್ನ ದನಿ.

ನನಗೆ ಹಿಂದಕ್ಕೆ ತಿರುಗಬೇಕೆನಿಸಿತು. ಅಷ್ಟರಲ್ಲಿ ನೀನು ಹೊರಗೆ ಬಂದೆ. ಸೊರಗಿದ್ದೆ. ತಲೆಯ ಮೇಲೆ ಸೆರಗು. "ಸಿದ್ದಣ್ಣ ಅಲ್ವಾ?" ಎಂದು ನಿನ್ನ ಮುಖ ಅರಳಿತು — ನನ್ನನ್ನು ನೋಡಿ! ಕೂರಿಸಿದೆ. ಮಜ್ಜಿಗೆ ಕೊಟ್ಟೆ. ನಿಮ್ಮಪ್ಪ ತೀರಿಕೊಂಡ ಮಾತು, ಅಜ್ಜಿ ಹಾಸಿಗೆ ಹಿಡಿದ ಮಾತು ಹೇಳಿದೆ. ಯಜಮಾನರು ವಯಸ್ಸಾದವರಾದರೂ ಕೆಟ್ಟವರಲ್ಲ ಎಂದೆ. ಒಳಗಿಂದ ನಿನ್ನ ಅತ್ತೆ, ನಿನ್ನ ಕಿವಿಗೆ ಬೀಳಲೆಂದೇ, "ಗ್ವಾಡೆ ಒರೆಸ್ಕಂಡು ಬಂದೋಳಿಗೆ ಬೀದೀಲೇನು ಮಾತು?" ಅಂದದ್ದು ನನಗೂ ಕೇಳಿತು. ನಿನಗೆ ಕೇಳಿಸಲೇ ಇಲ್ಲವೆಂಬಂತೆ ಇದ್ದೆ. ಅಂದರೆ ದಿನಾ ಕೇಳುತ್ತೀಯೆ.

ಆಮೇಲೆ ನೀನು ಮೆಲ್ಲಗೆ ಹೇಳಿದೆ. "ಆವತ್ತು ಯಾರು ಯೋಳುದ್ರೋ ಈವತ್ತಿಗೂ ಗೊತ್ತಾಗ್ನಿಲ್ಲ ಕಣಣ್ಣ. ಮಜ್ಜಿಗೆ ಅಜ್ಜೀನೇ ಇರ್ಬೇಕು ಅಂತ ಅವಳ ಕುಟ್ಟೆ ಮಾತು ಬುಟ್ಟೆ. ಪಾಪ, ಅಂಗೇ ಸತ್ತೋದ್ಲು. ನಮ್ ದೊಡ್ಡಪ್ಪನ ಮನೇರ ಮ್ಯಾಲೂ ಸಂಸಯ ಪಟ್ಟೆ. ಊರಾಚೇರಲ್ಲಿ ನಿಜ ಗೊತ್ತಿದ್ದೋರು ನೀವೊಬ್ರೇ. ಎಲ್ಲಾ ಊರೂ ತಿರುಗೋರು. ನಿಮ್ಮುನ್ನ ಯಾರಾರ ಕೇಳಿದ್ರೆ ಸರೀಗ್ ಯೋಳ್ತಿದ್ರಿ, ಅಲ್ವಾ? ಯಾರೂ ಕೇಳ್ನಿಲ್ವಾ ಅಣ್ಣ?"

ಮಜ್ಜಿಗೆಯ ಲೋಟ ನನ್ನ ಕೈಯಲ್ಲಿತ್ತು. ನೀನು ಉತ್ತರಕ್ಕೆ ಕಾಯುತ್ತಿದ್ದೆ.

"ಇಲ್ಲ ಕಣಮ್ಮ. ಯಾರೂ ಕೇಳ್ನಿಲ್ಲ."

ಮಾವನಿಗೆ ಹೇಳಿದ್ದೂ ಸೇರಿದರೆ ಇದು ನಾಲ್ಕನೆಯ ಸಲ. ಈ ಸಲ ನಿಜದ ತುಂಡುಗಳೂ ಇರಲಿಲ್ಲ. ಪೂರ್ತಿ ಸುಳ್ಳು, ನಿನ್ನ ಮುಖ ನೋಡಿಕೊಂಡು. ನೀನು, "ಓಗ್ಲಿ ಬುಡಿ, ನನ್ ಅಣೇಬರ" ಎಂದು ಲೋಟ ಇಸಿದುಕೊಂಡೆ. ಆ ಮುದುಕಿಯ ಜೊತೆ ನೀನು ಮಾತು ಬಿಟ್ಟಿದ್ದು — ಅದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ನಾನು ನಿನ್ನೊಬ್ಬಳನ್ನು ಕೆಡಿಸಿದೆ ಅಂದುಕೊಂಡಿದ್ದೆ.

ಅಲ್ಲಿಂದ ಮಂಡ್ಯಕ್ಕೆ ಬಸ್ಸಿಗೆ ನಿಲ್ಲಲಾಗಲಿಲ್ಲ, ರಸ್ತೆಯಲ್ಲಿ ನಡೆದೇ ಬಂದೆ. ವಾರಗಟ್ಟಲೆ ಅನ್ನ ಸೇರಲಿಲ್ಲ. ಕೊನೆಗೆ ಯಲಿಯೂರಿಗೆ ಹೋದೆ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮಲ್ಲಿ ಇನ್ನೂ ಮಹಾರಾಜರ ಆಳ್ವಿಕೆ; ಜನರಿಗೆ ಜವಾಬ್ದಾರಿ ಸರ್ಕಾರ ಕೊಡಿ ಎಂದು ಊರೂರಿನಲ್ಲಿ ಮೆರವಣಿಗೆ ನಡೆಯುತ್ತಿದ್ದ ದಿನಗಳು. ನಮ್ಮೂರಿನ ಗಂಡಸರು ಅರ್ಧ ಮಂಡ್ಯದಲ್ಲೇ ಇದ್ದರು. ಅಣ್ಣ ಒಬ್ಬನೇ ಗದ್ದೆ ಬದುವಿನ ಮೇಲೆ ನೀರು ಕಟ್ಟುತ್ತಿದ್ದ. ಅವನಿಗೆ ಎಲ್ಲ ಹೇಳಿದೆ. ಬಾರುಕೋಲಿನಲ್ಲಿ ಬಾರಿಸುತ್ತಾನೆಂದು ಎಣಿಸಿಯೇ ಹೋಗಿದ್ದೆ. ಬಾರಿಸಲಿ ಎಂದೇ ಹೋಗಿದ್ದೆನೋ ಏನೋ.

ಅವನು ಗುದ್ದಲಿ ಊರಿದ.

"ಅವತ್ತೇ ನಂಗೊಂದು ಮಾತು ಯೋಳಿದ್ರೆ ಆಯ್ತಿತ್ತಲ್ಲೋ ಸಿದ್ದ," ಅಂದ. "ನಾನೇ ಓಗಿ ಕೇಳ್ಕಂಡು ಬತ್ತಿದ್ದೆ ಕಣ್ಲಾ. ನಿಂಗೆ."

ನನಗೆ ಅಳು ಬಂತು. ಬದುವಿನ ಮೇಲೆ ಕೂತು ಗಂಡಸು ಅಳಬಾರದ ಹಾಗೆ ಅತ್ತೆ. ಯಾವ ಅಣ್ಣನಿಗೆ ಹೆದರಿ ನಿನ್ನನ್ನು ಬಲಿ ಕೊಟ್ಟೆನೋ ಆ ಅಣ್ಣನನ್ನು ನಾನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ಬೀದಿಯ ಗೋಡೆಗಳನ್ನೆಲ್ಲ ಓದಿದವನು, ಒಂದೇ ಸೂರಿನ ಕೆಳಗೆ ಬೆಳೆದ ಮನುಷ್ಯನನ್ನು ಓದಿರಲಿಲ್ಲ. ಅವನು ನನ್ನನ್ನು ಸಮಾಧಾನ ಮಾಡಲಿಲ್ಲ. ಅಳು ನಿಂತ ಮೇಲೆ ಮತ್ತೆ ಗುದ್ದಲಿ ಎತ್ತಿಕೊಂಡ.

"ನಂಗ್ಯೋಳಿ ಏನ್ ಬಂತು? ನಿಂಗೆ ಅಗೂರಾಯ್ತು, ಅಷ್ಟೆಯ. ಆ ಎಣ್ಮಗಳು ಇನ್ನೂ ಒತ್ಕಂಡವ್ಳೆ. ಓಗಿ ಅವ್ಳಿಗೆ ಯೋಳು."

ಅವನು ಹೇಳಿದ್ದು ಸರಿ, ಆದರೆ ಅರ್ಧ. ನಿನ್ನೊಬ್ಬಳಿಗೆ ಗುಟ್ಟಾಗಿ ಹೇಳಿ ಬಂದರೆ ಮತ್ತೆ ಹಗುರಾಗುವವನು ನಾನೇ. ಹೊರುವವಳು ನೀನೇ. ನಿನ್ನ ಅತ್ತೆ ನಾಳೆಯೂ ಅದೇ ಮಾತು ಆಡುತ್ತಾಳೆ, ನೀನು ಕೇಳಿಸದ ಹಾಗೆ ಇರುತ್ತೀಯೆ.

ನನ್ನ ಹೆಂಡತಿಗೆ ಇವತ್ತು ಎಲ್ಲ ಹೇಳಿದೆ. ಅವ್ವನಿಗೂ ಹೇಳಿ ಬಂದಿದ್ದೇನೆ. ಅವಳು, ಆ ಸುಳ್ಳನ್ನು ನನ್ನ ಬಾಯಲ್ಲೂ ಆಡಿಸಿದೆಯಲ್ಲೋ ಎಂದು ಎದೆ ಬಡಿದುಕೊಂಡಳು. ನಾಳೆ ಸಂತೆಯ ದಿನ, ಮದ್ದೂರಿಗೆ ಸುತ್ತಿನ ಹಳ್ಳಿಯವರೆಲ್ಲ ಬರುತ್ತಾರೆ, ಮಳವಳ್ಳಿಯ ಕಡೆಯವರೂ ಇರುತ್ತಾರೆ. ನಿನ್ನ ಯಜಮಾನರು ಗಿರಣಿಗೆ ಹೊರಡುವ ಮುಂಚೆ ಬಂದು ಅವರನ್ನೂ ನಿನ್ನ ಅತ್ತೆಯನ್ನೂ ಬಾಗಿಲಿಗೆ ಕರೆಯುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಓಗ್ಲಿ ಬುಡಿ ಅಂದುಬಿಡುತ್ತೀಯೆ, ನಿನ್ನ ಗುಣ ಅದು, ಅದನ್ನು ನಾನು ಮತ್ತೆ ಬಳಸಿಕೊಳ್ಳಬಾರದು. ನನ್ನ ಮುಖ ನೋಡಬೇಡ ಎನಿಸಿದರೆ ಒಳಗೆ ಹೋಗಿ ಬಾಗಿಲು ಹಾಕಿಕೋ. ನಾನು ಬೀದಿಯಲ್ಲೇ ನಿಂತು, ಹೋಗುವವರು ಬರುವವರು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ — ಆ ಮನೆ ಹೇಗೆ ಎಂದು ಮೊಟ್ಟಮೊದಲು ಕೇಳಿದ್ದು ನನ್ನನ್ನೇ, ಒರೆಸಿದ ಗೋಡೆಯ ಸುಳ್ಳು ಹೇಳಿದವನೂ ನಾನೇ.